ಲೈನು

'ಗೆರೆ ಅಂದ್ರೇನು?' ಅಂತ ಕೇಳಿದೆ ಮೊದಲ ದಿನ.
ಸ್ಲೇಟು ನೆಕ್ಕುತ್ತಿದ್ದ ತೋಲ ಕೈಯೆತ್ತಿದ:
'ನಾವಿರೋದು, ಟೀಚರ್. ನಮ್ದು ಮೇಲಿನ ಲೈನು,
ಜಾಹೆದಾಂದು ಕೆಳಗಿನ ಲೈನು.'

ಮಾಲ್ದಾರೆಯ ಈ ಶಾಲೆಗೆ ಬರುವ ಹನ್ನೊಂದು ಮಕ್ಕಳಲ್ಲಿ
ಒಂಬತ್ತು ಮಂದಿ ಬೆಳೆಯುವುದು ಲೈನಿನೊಳಗೇ.
ಒಂದೇ ಗೋಡೆಗೆ ಎಂಟು ಬಾಗಿಲು,
ಒಂದೇ ತಗಡಿಗೆ ಎಂಟು ಹೊಗೆ.
ಸ್ಕೇಲಿಟ್ಟು ಎಳೆದವರು ಯಾರೋ, ಎಂದೋ.
ನಾನು ಕೇಳಿದ್ದರಲ್ಲಿ ತಪ್ಪಿರಲಿಲ್ಲ,
ಅವನ ಉತ್ತರದಲ್ಲೂ.

ಅದಕ್ಕೂ ಹಿಂದೆ ಏಳು ವರ್ಷ
ಬೋರ್ಡಿನ ಮೇಲೆ ನಾನು ಬಿಡಿಸುತ್ತಿದ್ದದ್ದು
ಎರಡು ಗುಡ್ಡ, ನಡುವೆ ಸೂರ್ಯ,
ಒಂದು ಹೊಳೆ, ಹೊಳೆಗೆ ಬಾಗಿದ ತೆಂಗು.
ಇಲ್ಲಿಯ ಸೂರ್ಯನೋ
ಸಿಲ್ವರ್ ಓಕುಗಳ ಹಿಂದಿನಿಂದ
ಚೂರುಚೂರಾಗಿ ಬರುವವನು.
ಮಕ್ಕಳು ಬೋರ್ಡಿನದನ್ನೇ ತೆಗೆದರು, ಚಂದವಾಗಿಯೇ ತೆಗೆದರು,
ಹನ್ನೊಂದು ಪುಟಕ್ಕೂ ಅದೇ ಸೂರ್ಯ.
ಒಂದು ಸೋಮವಾರ ಒರೆಸಿ ಹಾಕಿದೆ.
ಕಾರಣ ಕೇಳಬೇಡಿ, ಬೇಜಾರಾಗಿತ್ತು.

ಬಣ್ಣಕ್ಕೆ ಅನುದಾನವಿಲ್ಲ.
ಬಿಸಿಯೂಟದ ಒಲೆಯ ಇದ್ದಿಲು, ಕಾಫಿ ಚರಟ, ಅರಿಶಿನ,
ಬಸಳೆ ಹಣ್ಣು ಹಿಂಡಿದ ನೇರಳೆ.
ಕ್ಯೂರಿಂಗ್ ವರ್ಕ್ಸಿನವರು ಕೊಟ್ಟ ಹಳೇ ಕ್ಯಾಲೆಂಡರಿನ ಬೆನ್ನು.
'ಏನನ್ನೂ ಬಿಡಿಸಬೇಡಿ' ಅಂದೆ. ನಕ್ಕರು.
'ಆನೆ ಬೇಡ, ಮನೆ ಬೇಡ, ಹೂವೂ ಬೇಡ.
ಗೆರೆಯನ್ನ ನಡೆಸಿ. ಸುಸ್ತಾದರೆ ಕೂರಿಸಿ.
ಹೆದರಿದರೆ ಅದು ಹೇಗೆ ಓಡುತ್ತೆ? ನಿದ್ದೆ ಬಂದರೆ?'

ತೋಲನ ಗೆರೆ ಕುಂಟಿತು, ಅವನಜ್ಜ ಕುಂಟುವ ಹಾಗೆ.
ಜಾಹೆದಾಳದು ರೈಲಾಯಿತು,
ಅಸ್ಸಾಮಿನಿಂದ ಮೂರು ಹಗಲು ಮೂರು ರಾತ್ರಿ,
ನಿಲ್ಲಲೇ ಇಲ್ಲ,
ಕಾಗದ ಮುಗಿದು ಬೆಂಚಿಗಿಳಿಯಿತು.
ರೈಟರ ಮಗಳು ತಂಗಮ್ಮ ಮಾತ್ರ ಸ್ಕೇಲು ಕೇಳಿದಳು,
ಕೊಡದ್ದಕ್ಕೆ ಅತ್ತಳು,
ಕಣ್ಣೊರೆಸಿದ ಒದ್ದೆ ಕೈಯಲ್ಲೇ ಅರಿಶಿನ ಬಳಿದಳು.
ಅಷ್ಟು ಒಳ್ಳೆಯ ಹಳದಿ ನಾನು ಕಂಡಿಲ್ಲ.

ಬೊಳ್ಳಿ ಮಾತಾಡದ ಹುಡುಗಿ.
ಜೂನಿನಿಂದ ಹಾಜರಿಗೂ ಬರೀ ಕತ್ತು.
ಇದ್ದಿಲಲ್ಲಿ ಒಂದು ಗೆರೆ ಎಳೆದಳು,
ಗೇಣುದ್ದ ಬಿಳಿ ಬಿಟ್ಟಳು,
ಮತ್ತೆ ಮುಂದುವರಿಸಿದಳು.
ಬಿಟ್ಟ ಜಾಗದಲ್ಲಿ ಬೆರಳಿಟ್ಟು ಕೂತಳು,
ಗಂಟೆ ಬಾರಿಸುವವರೆಗೆ.
ನನಗೆ ಸೋಲಾರ್ ಬೇಲಿ ನೆನಪಾಯಿತು,
ಆನೆ ದಾಟಿದ ಕಡೆ ತಂತಿ ಜೋತಾಡುವುದು.
ಅವಳಿಗೆ ಏನು ನೆನಪೋ.
'ಇದೇನು?' ಬಾಯಿಗೇ ಬಂದಿತ್ತು.
ನುಂಗಿದೆ.
ಇಷ್ಟು ವರ್ಷದ ಕೆಲಸದಲ್ಲಿ ನಾನು ನುಂಗಿದ್ದರಲ್ಲೆಲ್ಲ
ಅದೊಂದು ಮಾತ್ರ ಮೈಗೆ ಹಿಡಿಯಿತು.

ಶುಕ್ರವಾರ ಸಿಆರ್‌ಪಿ ಸಾಹೇಬರು ಬಂದರು.
ಗೋಡೆ ನೋಡಿದರು, ತಲೆ ಓರೆ ಮಾಡಿ ನೋಡಿದರು,
'ಹಾವಾ? ರಸ್ತೆಯಾ?'
ಒಂದನ್ನು ತಿರುಗಿಸಿದರು: ಹಿಂದೆ ಫೆಬ್ರವರಿ.
'ಲೈನು, ಸಾರ್,' ಅಂದ ತೋಲ.
'ಆದ್ರೆ ಇದ್ರೊಳಗೆ ಯಾರೂ ಇಲ್ಲ.'

ಸಾಹೇಬರು ಸಂದರ್ಶನ ಪುಸ್ತಕ ತೆರೆದು ಬರೆದರು,
'ಚಿತ್ರಕಲೆ: ಸುಧಾರಣೆ ಅಗತ್ಯ.'
ಕೆಳಗೊಂದು ಗೆರೆ ಎಳೆದರು.
ಸೊಟ್ಟ ಬಂತು.
ತಂಗಮ್ಮ ಹತ್ತಿರ ಹೋಗಿ ಸಮಾಧಾನದ ದನಿಯಲ್ಲಿ ಹೇಳಿದಳು,
'ನಂಗೂ ಸ್ಕೇಲು ಕೊಡಲ್ಲ, ಸಾರ್, ಇವ್ರು.'