ವಿಶೇಷ ಕೋರಿಕೆ

ಮೆಲ್ಬರ್ನಿಗೆ ಮೂರು ದಿನ, ಒಂಬತ್ತು ಊಟ.
ನಡುವಿನ ಕಾಫಿ ಲೆಕ್ಕಕ್ಕಿಲ್ಲ.
ವಾರ್ನಂಬೂಲಿನ ಈ ಅಡುಗೆಮನೆಯ ಮೇಜಿನ ಮೇಲೆ
ನಕ್ಷೆ ಹರಡಿ, ಸುರುಳಿ ಸುತ್ತದಂತೆ ಮೂಲೆಗಳಿಗೆ
ಉಪ್ಪಿನ ಡಬ್ಬಿ, ಮೆಣಸು, ನಿಂಬೆಯ ಉಪ್ಪಿನಕಾಯಿ ಜಾಡಿ
ಮತ್ತು ನನ್ನ ಮೊಣಕೈ ಇಟ್ಟು
ಪೆನ್ಸಿಲ್ಲಿನಲ್ಲಿ ಸೊನ್ನೆ ಸುತ್ತುತ್ತ ಕೂತಿದ್ದೇನೆ.

"ಯಾಕ ದುಡ್ಡು ದಂಡ?" ಅನ್ನುತ್ತಾನೆ ಪಂಪಾಪತಿ.
"ನನಗ ರೊಟ್ಟಿ ಕೊಟ್ರೂ ಅಷ್ಟ, ರಟ್ಟು ಕೊಟ್ರೂ ಅಷ್ಟ."

ಜ್ವರ ಬಿಟ್ಟು ಹತ್ತು ತಿಂಗಳು.
ಹೋಗುವಾಗ ಮೂಗು ಇಲ್ಲೇ ಬಿಟ್ಟು
ವಾಸನೆಯನ್ನಷ್ಟೇ ಕಟ್ಟಿಕೊಂಡು ಹೋಯಿತು.
ಮೊನ್ನೆ ಹಾಲು ಸೀದು ತಳ ಕಪ್ಪಾಗುವಾಗ
ಒಲೆಯ ಪಕ್ಕದಲ್ಲೇ ನಿಂತು ಪೇಪರು ಓದುತ್ತಿದ್ದ.
ಉಪ್ಪು ಗೊತ್ತು ಅವನಿಗೆ, ಹುಳಿ ಗೊತ್ತು, ಖಾರದ ಉರಿ ಗೊತ್ತು.
ಮಾವಿನ ಹಣ್ಣು ಅಂದರೆ ಮಾತ್ರ
ಸಿಹಿಯಾದ ಒಂದು ಒದ್ದೆ.

ಹಿಂದೆ ಗೇಟು ತೆಗೆಯುತ್ತಲೇ ಕೂಗುತ್ತಿದ್ದ:
"ಸಾರಿಗೆ ಇಂಗು ಜಾಸ್ತಿ ಆಗೇತಿ!"
ಈಗ ಬರುತ್ತಾನೆ, ಚಪ್ಪಲಿ ಬಿಡುತ್ತಾನೆ,
ಕೂರುತ್ತಾನೆ.
ನಾನೂ ಇಂಗು ಹಾಕುವುದು ಬಿಟ್ಟಿದ್ದೇನೆ.
ಕೇಳುವವರಿಲ್ಲ ಎಂದಲ್ಲ, ಏನೋ
ಕೈ ಆ ಡಬ್ಬಿಯ ತನಕ ಹೋಗುವುದಿಲ್ಲ.

ಮೊದಲ ಪಟ್ಟಿ ಹರಿದು ಹಾಕಿದೆ.
ಹಳೆಯ ಪಂಪಾಪತಿಗೆ ಬರೆದದ್ದು ಅದು:
ಲೈಗನ್ ಬೀದಿಯ ಬೆಣ್ಣೆ-ಬೆಳ್ಳುಳ್ಳಿ,
ಡ್ಯಾಂಡೆನಾಂಗಿನ ಅಫ್ಘಾನಿ ಹೋಟೆಲಿನ ಕೇಸರಿ ಅನ್ನ,
ಎಲ್ಲೆಲ್ಲಿ ಹಬೆಯೇ ಅರ್ಧ ಊಟವೋ ಅಲ್ಲೆಲ್ಲ.

ಹೊಸ ಪಟ್ಟಿ ಹಲ್ಲಿಗೆ, ಕಿವಿಗೆ, ಬೆರಳಿಗೆ.

ಶುಕ್ರವಾರದ ತಿಂಡಿ ರೈಲಿನಲ್ಲೇ, ಡಬ್ಬಿಯಲ್ಲಿ ಹುರಿದ ಮಂಡಕ್ಕಿ.
ಕಾಲಾಕ್ ಬರುವಷ್ಟರಲ್ಲಿ ಮೆತ್ತಗಾದರೆ ನನ್ನ ಹಣೆಬರಹ.
ಮಧ್ಯಾಹ್ನ ಫುಟ್ಸ್‌ಕ್ರೇಯಲ್ಲಿ ವಿಯೆಟ್ನಾಮಿನ ದೋಸೆ;
ಹಿಟ್ಟು ಹುಯ್ದಾಗ ಬಾಣಲೆ ಏನನ್ನುತ್ತದೋ
ಅದೇ ಅದರ ಹೆಸರಂತೆ.
ಚುಂಯ್ ಅನ್ನುವುದಕ್ಕೆ ಬೇಕೇ ಮೂಗು?
ರಾತ್ರಿ ಅಲ್ಲೇ ಪಕ್ಕದಲ್ಲಿ ಇಥಿಯೋಪಿಯಾದವರ ಇಂಜೆರಾ:
ಒಂದೇ ತಟ್ಟೆ, ಎರಡು ಕೈ,
ಚಮಚ ಯಾರೂ ಕೊಡುವುದಿಲ್ಲ.

ಶನಿವಾರ, ಕೊರಿಯಾದ ಕಲ್ಲುಬಟ್ಟಲು.
ತಳ ಹಿಡಿದ ಅನ್ನಕ್ಕೆ ಅವ್ವ ಬೈಯುತ್ತಿದ್ದಳು,
ಇಲ್ಲಿ ಅದಕ್ಕೇ ಇಪ್ಪತ್ತೆಂಟು ಡಾಲರು.
ಸಂಜೆ ಓಕ್ಲಿಯಲ್ಲಿ ಗ್ರೀಕರ ಜೇನುಗುಂಡು,
ಹೊರಗೆ ಕರಕ್, ಒಳಗೆ ಸುಡುಸುಡು ಗಾಳಿ.
ಆಮೇಲೆ ತುಟಿ ಜುಮ್ಮೆನಿಸುವ ಆ ಚೀನಾದ ಕಾಳು.
ಅದು ರುಚಿಯೇ ಅಲ್ಲವಂತೆ, ಕರೆಂಟು.

ಬುಕಿಂಗೆಲ್ಲ "ಪ್ಯಾಮ್" ಹೆಸರಿನಲ್ಲಿ.
ಪಂಪಾಪತಿಯನ್ನು ಫೋನಿನಲ್ಲಿ ಪೂರ್ತಿ ಮುಗಿಸಿದವರು
ಈ ದೇಶದಲ್ಲಿ ಇನ್ನೂ ಸಿಕ್ಕಿಲ್ಲ.
ಹೆಂಗಸು ಬರುತ್ತಾಳೆಂದು ಕಾಯುತ್ತಾರೆ,
ಮೀಸೆ ಬರುತ್ತದೆ.

ಪ್ರತಿ ಫಾರಮಿನ ಕೊನೆಗೂ ಒಂದು ಖಾಲಿ ಚೌಕ:
ಅಲರ್ಜಿ ಇದೆಯೇ? ಹುಟ್ಟುಹಬ್ಬವೇ? ವಿಶೇಷ ಕೋರಿಕೆ?
ಬರೆದೆ, ಅಳಿಸಿದೆ, ಮತ್ತೆ ಬರೆದೆ:
"ನಮ್ಮಲ್ಲೊಬ್ಬರಿಗೆ ವಾಸನೆ ಬರುವುದಿಲ್ಲ.
ಒಲೆಯ ಸದ್ದು ಕೇಳುವ ಮೇಜು ಕೊಡಿ."
ಒಬ್ಬರು ಉತ್ತರಿಸಿದರು:
"ಆ ಮೇಜಿಗೆ ನಾವು ಸಾಮಾನ್ಯವಾಗಿ ಕ್ಷಮೆ ಕೇಳುತ್ತೇವೆ.
ಖಂಡಿತ ಇಟ್ಟಿರುತ್ತೇವೆ."

ಭಾನುವಾರ ಮಧ್ಯಾಹ್ನ ಖಾಲಿ ಉಳಿದಿತ್ತು.
ಏನೂ ಹೊಳೆಯದೆ, ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿ
ಚಹಾ ಇಡಲು ಎದ್ದೆ.
ತಿರುಗಿ ಬಂದರೆ ಕಸದ ಬುಟ್ಟಿ ಕೆದಕಿ
ಹರಿದ ಚೂರೊಂದನ್ನು ಬೆರಳಿಂದ ನೀವುತ್ತಿದ್ದಾನೆ,
ಬೆಳ್ಳುಳ್ಳಿ ಇರುವ ಚೂರು.
"ಇಲ್ಲಿಗೆ ಹೋಗೂಣು. ನೀ ಉಣ್ಣು."
"ನೀನು?"
"ನಾ ಬ್ರೆಡ್ ಮುರೀತೀನಿ."

ಸ್ವಲ್ಪ ಹೊತ್ತು ಕಳೆದು,
ಕಪ್ಪು ಕೆಳಗಿಡದೆಯೇ:
"ಫೋನ್ ಮಾಡಿ ಕೇಳು,
ಅಂಚು ಗರಿಗರಿ ಇರತೈತೇನು ಅಂತ."