ಮಂಗಳವಾರದ ತನಕ

ನನ್ನ ಕಾರಿನ ಹೆಸರಿಗೆ ಅರ್ಥ ಪುಟ್ಟ ದೋಣಿ.
ತೊಂಬತ್ತಾರರ ಕೆಂಪು ಬಾರ್ಕೆಟ್ಟಾ, ಎರಡೇ ಸೀಟು.
ಹಿಂದಿನ ಪ್ಲಾಸ್ಟಿಕ್ ಕಿಟಕಿ ಚಹಾದ ಬಣ್ಣಕ್ಕೆ ತಿರುಗಿ
ಕನ್ನಡಿಯಲ್ಲಿ ಟ್ರಿಯೆಸ್ತೆ ಊರೆಲ್ಲ
ಯಾರದೋ ಹಳೇ ಫೋಟೋದ ಹಾಗೆ ಹಿಂದೆ ಸರಿಯುತ್ತದೆ.

ಮೂವತ್ತೊಂದು ವರ್ಷ ಬಂದರಿನ ಸುಂಕದ ಕಟ್ಟೆಯಲ್ಲಿ
ಕಾಫಿ ಮೂಟೆಗಳ ಲೆಕ್ಕ ಬರೆದವಳು ನಾನು.
ಕಾಲಂ ಎಳೆಯದೆ ಏನನ್ನೂ ತೀರ್ಮಾನಿಸಲಾರೆ.
ಈಗಲೇ. ಮುಂದಿನ ವರ್ಷ. ಇರಲಿ ಬಿಡು.
ಮೂರು ಮನೆ ಬರೆದ ಹಾಳೆ ಹಿಡಿದು
ಶನಿವಾರ ಕ್ರಿಜ್ಮನ್‌ನ ಗ್ಯಾರೇಜಿಗೆ ಹೋದೆ.
ಅವನ ಮಾತು ಮೊದಲು ಕಾರಿನಡಿಯಿಂದ ಬರುತ್ತದೆ,
ಮುಖ ಆಮೇಲೆ.

ಟೈಮಿಂಗ್ ಬೆಲ್ಟ್ ಹಾಕಿಸಿದ್ದು ಯಾವಾಗ?
ಎಂಟು ವರ್ಷವಾಯಿತು. ಆದರೆ ಓಡಿದ್ದು ಏಳೇ ಸಾವಿರ ಕಿಲೋಮೀಟರು,
ಅಂದೆ, ಮಗನ ಅಂಕಪಟ್ಟಿ ತೋರಿಸುವ ತಾಯಿಯ ಹಾಗೆ.
ರಬ್ಬರಿಗೆ ಕಿಲೋಮೀಟರು ಓದಲು ಬರುವುದಿಲ್ಲ, ನಿವೆಸ್.
ಅದಕ್ಕೆ ಗೊತ್ತಿರುವುದು ಕ್ಯಾಲೆಂಡರು ಒಂದೇ.
ಕಡಿದ ದಿನ ವಾಲ್ವೂ ಪಿಸ್ಟನ್ನೂ ಮುಖಾಮುಖಿ.
ಆಮೇಲೆ ನಿನ್ನ ಹಾಳೆ ಬೇಕಾಗುವುದಿಲ್ಲ.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದಂತೆ.
ಕಾರಿಗೂ ಹಾಗೇ. ನಿಂತಲ್ಲೇ ಸವೆತ.
ಟೈರಿನ ಪಕ್ಕೆಯ ನಾಲ್ಕು ಅಂಕಿ ಉಗುರಿನಿಂದ ಕೆರೆದು ತೋರಿಸಿದ:
ಎರಡು ಸಾವಿರದ ಹನ್ನೊಂದು, ಇಪ್ಪತ್ತಮೂರನೇ ವಾರ.
ಗೀರುಗಳೆಲ್ಲ ಆಳವಾಗಿಯೇ ಇವೆ,
ಬೆರಳೊತ್ತಿದರೆ ಮಾತ್ರ ಮರ.
ಆ ವಾರ ನಾನೇನು ಮಾಡುತ್ತಿದ್ದೆ?
ನನಗೆ ನೆನಪಿಲ್ಲ. ಟೈರಿಗಿದೆ.

ಬ್ರೇಕ್ ಆಯಿಲ್ಲು ಗಾಳಿಯಿಂದ ನೀರು ಕುಡಿಯುತ್ತದಂತೆ,
ಮುಚ್ಚಳ ಎಷ್ಟೇ ಬಿಗಿಯಾಗಿರಲಿ.
ನನ್ನ ಕಣ್ಣೆದುರೇ, ಸುಂಕ ಕಟ್ಟದೆ,
ಇಷ್ಟು ವರ್ಷ ಒಳನುಸುಳಿದೆ ನೀರು!
ಮೊದಲ ಮನೆಗೆ ಬರೆದೆ, ಪೆನ್ನು ಒತ್ತಿ.

ನೀರಿನ ಪಂಪು? ಬಿಚ್ಚುವ ಕೂಲಿ ಹೇಗೂ ಒಂದೇ. ಈಗಲೇ.
ಬಾನೆಟ್ಟಿನ ಬಣ್ಣ, ಆ ಚಹಾ ಕಿಟಕಿ: ಇರಲಿ ಬಿಡು.
ಮೊತ್ತ ಕೂಡಿದಾಗ ಸಾವಿರದ ಇನ್ನೂರು ಯೂರೋ.
ಪಿಂಚಣಿಯ ಕಷ್ಟ ತೋಡಿಕೊಂಡೆ.
ಸುಂಕದವಳೇ ಬಂದು ಸುಖದುಃಖ ಹೇಳಿಕೊಂಡರೆ
ಯಾರು ಕೇಳುತ್ತಾರೆ?
ಅವನು ಸ್ಪ್ಯಾನರು ಒರೆಸುತ್ತಾ ಕೂತ.

ಇನ್ನೊಂದಿದೆ, ಅಂದ. ಬೆಳಗಿನ ಆ ಟಕಟಕ.
ವೇರಿಯೇಟರು. ಅದನ್ನೂ ಹೊಸತು ಹಾಕಿಬಿಡಲೇ?
ಎರಡು ನಿಮಿಷ ಕೆಮ್ಮಿ ಸುಮ್ಮನಾಗುವುದಕ್ಕೆ
ಮುನ್ನೂರು ಯೂರೋ ಔಷಧಿಯೇ?
ಅಲ್ಲದೆ ಕೆಳಮಹಡಿಯ ಎರ್ಮೀನಿಯೊ
ಆ ಸದ್ದಿಗೇ ಎಚ್ಚರಾಗಿ, ಕಿಟಕಿ ತೆರೆದು,
ಬರುವಾಗ ಬ್ರೆಡ್ ತಾ, ಅನ್ನುತ್ತಾನೆ.
ಹನ್ನೆರಡು ವರ್ಷದಿಂದ ನಮ್ಮ ಮಾತುಕತೆ ಅಷ್ಟೇ.
ಮೂರನೇ ಮನೆ. ಎರಡು ಸಲ ಗೆರೆ ಎಳೆದೆ ಅಡಿಗೆ.

ಗುರುವಾರ ಹೋದಾಗ ಹಳೇ ಬೆಲ್ಟನ್ನು ಅಂಗೈಗೆ ಹಾಕಿದ.
ಬಗ್ಗಿಸಿದೆ, ತಿರುಚಿದೆ, ಕನ್ನಡಕ ಹಾಕಿ ನೋಡಿದೆ.
ಒಂದು ಹಲ್ಲೂ ಬಿದ್ದಿಲ್ಲ. ಕೂದಲೆಳೆ ಬಿರುಕಿಲ್ಲ.
ಇನ್ನೂ ಹತ್ತು ವರ್ಷ ಬರುತ್ತಿತ್ತಲ್ಲೋ ಇದು!
ಬರುತ್ತಿತ್ತೇನೋ, ಅಂದ. ಇಲ್ಲವೇ, ಮಂಗಳವಾರದ ತನಕ.

ಸಿಟ್ಟು ಬರಬೇಕಿತ್ತು. ಬರಲಿಲ್ಲ.
ಬಂದರಿನಲ್ಲಿ ನಾನೂ ಮೂಟೆ ಬಿಚ್ಚಿಸಿ ನೋಡಿದವಳೇ.
ನೂರಕ್ಕೆ ತೊಂಬತ್ತೊಂಬತ್ತರಲ್ಲಿ
ಬರೀ ಕಾಫಿ ಇರುತ್ತಿತ್ತು.
ಮತ್ತೆ ಹೊಲಿಸಿ ಕಳಿಸುತ್ತಿದ್ದೆ,
ಅವರು ಹಿಂದೆ ತಿರುಗಿ ಬೈಯುತ್ತಾ ಹೋಗುತ್ತಿದ್ದರು.

ರಾತ್ರಿಯಿಂದ ಬೋರಾ ಗಾಳಿ
ಗುಡ್ಡ ಇಳಿದು ಬೀದಿಬೀದಿ ಗುದ್ದುತ್ತಿದೆ.
ಎದುರುಮನೆಯ ಹೂಕುಂಡ ಎಲ್ಲಿಗೋ ಹೊರಟುಹೋಯಿತು.
ನಮ್ಮ ಅಡುಗೆಮನೆಯ ಕಿಟಕಿಯ ಸಡಿಲ ಪಡಿಗಳಿಗೆ
ಆ ಬೆಲ್ಟನ್ನೇ ಎರಡು ಸುತ್ತು ಬಿಗಿದಿದ್ದೇನೆ.
ಹಲ್ಲು ಕಚ್ಚಿ ಹಿಡಿದುಕೊಂಡಿದೆ.

ಇವತ್ತು ಸೋಮವಾರ.