ಉರುಳಿನ ಲೆಕ್ಕ

ಹಬ್ಬಕ್ಕೆ ಇನ್ನು ಹತ್ತೊಂಬತ್ತು ದಿನ.
ಮಸಿಂದಿಯ ನಮ್ಮ ಮ್ಯೂಸಿಯಂ ಎಂದರೆ ಎರಡು ಕೋಣೆ, ಒಂದು ಜಗಲಿ,
ಹಿಂದೊಮ್ಮೆ ಹತ್ತಿಯ ಗೋದಾಮು;
ಮೋಡ ಕವಿದರೆ ಗೋಡೆ ಈಗಲೂ
ಹತ್ತಿಬೀಜದೆಣ್ಣೆಯ ವಾಸನೆ ಬಿಡುತ್ತದೆ.
ಕುರ್ಚಿ ಏಳು, ಬಂದವರು ಒಂಬತ್ತು.
ನಾನು ಬರೆದುಕೊಳ್ಳುವವಳು, ಅಟ್ವೂಕಿ.
ನನಗೆ ಕಿಟಕಿಯ ಕಟ್ಟೆ.

ಮೊದಲ ವಿಷಯ, ಗಾಜಿನ ಪೆಟ್ಟಿಗೆಯ ಚಿಂಪಾಂಜಿ.
ಯಾವ ದೊರೆ ಹೊಡೆದನೋ, ಯಾವ ದೊರೆ ಹುಲ್ಲು ತುಂಬಿದನೋ,
ಎಡಗಣ್ಣಿಗೆ ಗೋಲಿ,
ಬಲಗಣ್ಣಿಗೆ ಕೋಟಿನ ಗುಂಡಿ.
"ಮಕ್ಕಳು ಹೆದರುತ್ತಾರೆ, ಒಳಗಿಡಿ" ಎಂದರು ಬಾಲಿಂದ ಮೇಷ್ಟ್ರು.
"ಹೆದರಲಿ" ಎಂದರು ಕಬಸಿಂಗುಜಿ ಮೇಡಂ,
"ಅದಕ್ಕಲ್ಲ, ಆ ಗುಂಡಿಗೆ."
ತೀರ್ಮಾನ: ಧೂಳು ಒರೆಸುವುದು.

ಎರಡನೆಯದು ಮುಖವಾಡ.
ಇನ್ನೂರು ಮಕ್ಕಳು, ಇನ್ನೂರು ರಟ್ಟಿನ ಮುಖ.
ಕಿವಿ ದೊಡ್ಡದಿರಲಿ. ಬಾಲ ಬೇಡ.
(ಕಳೆದ ಸಲ ಎಲ್ಲರೂ ಬಾಲ ಬರೆದಿದ್ದರು,
ಮೇಷ್ಟ್ರ ರಬ್ಬರು ಸವೆದುಹೋಗಿತ್ತು.)
ಶಾಮಿಯಾನ, ಮೈಕು, ಡೋಲಿನವರಿಗೆ ಊಟ,
ಸಾಹೇಬರಿಗೆ ಮೊದಲ ಸಾಲಿನಲ್ಲಿ ಸೋಫಾ.
ಸೋಫಾ ಯಾರ ಮನೆಯದು ಎಂಬಲ್ಲಿ
ಮುಕ್ಕಾಲು ಗಂಟೆ ಹೋಯಿತು.

ಆಗ ಎದ್ದವಳು ನ್ಯಾಕಹುಮ, ಕಾಡಂಚಿನ ಕಬ್ಬಿನವಳು.
"ನನ್ನ ಹೊಲಕ್ಕೆ ಅವು ವರ್ಷವಿಡೀ ಹಬ್ಬಕ್ಕೆ ಬರುತ್ತವೆ.
ಜಲ್ಲೆ ಮುರಿದು, ಕೂತು, ಸಿಪ್ಪೆ ಉಗಿದು
ನನ್ನನ್ನೇ ನೋಡುತ್ತವೆ,
ಬಡಿಸುವವಳು ತಡಮಾಡಿದಳು ಎಂಬಂತೆ.
ಮರ ಕಡಿಯಿರಿ, ಕಬ್ಬು ನೆಡಿ ಎಂದವರು
ಯಾವ ಸಾಲಿನಲ್ಲಿ ಕೂರುತ್ತಾರೆ?
ಅದನ್ನೂ ಬರಿ."
ಬರೆದೆ. ಉತ್ತರದ ಜಾಗ ಖಾಲಿ ಬಿಟ್ಟೆ.

ಕೊನೆಗೆ ಇರುಂಬಜ್ಜ. ಕರೆಸಿದ್ದು ತಂತಿಗಾಗಿ.
ಗೋಣಿ ಬಿಚ್ಚಿ ನೆಲಕ್ಕೆ ಸುರಿದ:
ಸೈಕಲ್ಲಿನ ಬ್ರೇಕು ತಂತಿ, ಟೈರು ಸುಟ್ಟು ತೆಗೆದದ್ದು,
ಟೆಲಿಫೋನು ಕಂಬದಿಂದ ಇಳಿದದ್ದು,
ಮುನ್ನೂರ ನಲವತ್ತು ಉರುಳು,
ಐದು ವರ್ಷ ಕಾಡು ಸುತ್ತಿ ಬಿಚ್ಚಿ ತಂದವು.
"ಇದರಲ್ಲಿ ನಾನೇ ಕಟ್ಟಿದ್ದೆಷ್ಟು ಎಂದು ಕೇಳಬೇಡಿ.
ಗಂಟು ನೋಡಿದರೆ ನನಗೆ ಗೊತ್ತಾಗುತ್ತದೆ.
ಹಂದಿಗೆಂದು ಕಟ್ಟಿದ್ದು. ಜಿಂಕೆಗೆಂದು.
ತಂತಿಗೆ ಓದು ಬರುವುದಿಲ್ಲ."

ಮಾಡಿನಿಂದ ತೂಗಿಬಿಟ್ಟು ದೀಪ ಹಾಯಿಸಿದರೆ
ಚಂದ ಎಂದರು ಯಾರೋ.
ಚಂದ ಎಂಬ ಮಾತು ಕೋಣೆಯೆಲ್ಲ ತಿರುಗಿ
ಕೂರಲು ಕುರ್ಚಿ ಸಿಗದೆ ಹೊರಗೆ ಹೋಯಿತು.

ಅಜ್ಜ ಒಂದನ್ನು ಆಯ್ದು ಮಣಿಕಟ್ಟಿಗೆ ಹಾಕಿಕೊಂಡ.
"ಅಲುಗದೆ ಕೂತರೆ ನೋವಿಲ್ಲ ನೋಡಿ.
ಯಾರು ಕೂರುತ್ತಾರೆ?"
ಎಳೆದ.
ನಾವೆಲ್ಲ ನಮ್ಮ ನಮ್ಮ ಮಡಿಲು ನೋಡಿಕೊಂಡೆವು.

"ಎಡಗೈ ಇಲ್ಲದವಳೊಬ್ಬಳಿದ್ದಾಳೆ, ಹೊಳೆಯಾಚೆಯ ಗುಂಪಿನಲ್ಲಿ.
ಅತ್ತಿಮರ ಹತ್ತುವಾಗ ಮೊಣಕೈಯಿಂದ ಕೊಂಬೆ ತಬ್ಬುತ್ತಾಳೆ,
ಮರಿ ತಾನಾಗಿ ಹೊಟ್ಟೆಗೆ ಕಚ್ಚಿಕೊಳ್ಳಲು ಕಲಿತಿದೆ.
ಓದಿದವರ ಪಟ್ಟಿಯಲ್ಲಿ ಅವಳು ಎರಡಕ್ಷರ, ಒಂದು ಅಂಕಿ.
ಎರಡಕ್ಷರವನ್ನು ಕ್ಷೇಮವೇ ಎಂದು ಕೇಳುವುದು ಹೇಗೆ?"

ನಮ್ಮಲ್ಲಿ ಹಾಗೇ: ಹುಟ್ಟಿದ ಮಗುವಿಗೆ ಹೆಸರಿನ ಜೊತೆಗೆ
ಅಕ್ಕರೆಯ ಇನ್ನೊಂದು ಹೆಸರು,
ಅಮೂಟಿ, ಅಬ್ವೂಲಿ, ಅಕೀಕಿ.
ಅದಿಲ್ಲದೆ ನಮಸ್ಕಾರ ಬಾಯಿಂದ ಹೊರಡುವುದಿಲ್ಲ,
ಜಗಳದ ನಡುವೆಯೂ ಅದನ್ನೇ ಕೂಗುತ್ತೇವೆ.

"ಅದಕ್ಕೇ ನಾನೊಂದು ಇಟ್ಟಿದ್ದೇನೆ,
ದಾರಿಯಲ್ಲಿ ಕಂಡರೆ ಕರೆಯುತ್ತೇನೆ" ಎಂದ.
"ಅಟ್ವೂಕಿ."

ಪೆನ್ನು ನಿಂತಿತು.
ಕಿಟಕಿಯ ಗಾಳಿಗೆ ಹಾಳೆ ಹಾರದಂತೆ
ಎಡಗೈ ಅಂಗೈಯಗಲ ಒತ್ತಿ ಹಿಡಿದಿತ್ತು,
ಸಭೆಯುದ್ದಕ್ಕೂ;
ಅಲ್ಲಿಯವರೆಗೆ ಅದನ್ನು ನೋಡಿರಲಿಲ್ಲ.

ಮಣಿಕಟ್ಟಿನ ತಂತಿ ಬಿಚ್ಚಲು ಬರಲಿಲ್ಲ.
ಎದುರಿನ ಸೈಕಲ್ ಅಂಗಡಿಯಿಂದ ಇಕ್ಕಳ ತಂದು ಕತ್ತರಿಸಿದೆವು,
ಒಂದು ಉರುಳು ಲೆಕ್ಕದಿಂದ ಕಡಿಮೆಯಾಯಿತು.
ಚರ್ಮದ ಗೆರೆ ಹಾಗೇ ಉಳಿಯಿತು.
ಎಲ್ಲಿ ತೂಗುವುದೆಂದು ತೀರ್ಮಾನವಾಗಲಿಲ್ಲ.

ಮುಂದಿನ ಸಭೆ ಗುರುವಾರ.
ಇಕ್ಕಳ ನಾನೇ ತರಬೇಕು.